ದಾರದ ಇನ್ನೊಂದು ತುದಿ

ನಿರುಪಾದಿ ಎಂಬ ಶಿಷ್ಯ ಒಂದು ಬೆಳಿಗ್ಗೆ ಮಠದ ಅಜ್ಜನವರ ಮುಂದೆ ಬಂದು ನಿಂತ. ಕೂರಲು ಹೇಳಿದರೂ ಕೂರಲಿಲ್ಲ.

“ಅಜ್ಜಾರ, ನಾ ಪರ ಊರಿಂದ ಈ ಮಠಕ್ಕ ಬಂದು ಒಂಬತ್ತು ವರ್ಷ ಆತ್ರಿ. ನನ್ನ ನೀರು ನಾನ ಸೇದತೀನಿ, ನನ್ನ ಅರಿವಿ ನಾನ ಒಗೀತೀನಿ. ಯಾರ ಕಡೆಯಿಂದಾನೂ ಒಂದು ಮಾತು ಅನಿಸಿಕೊಂಡಿಲ್ಲ. ಆದ್ರೂ ಇದು ನನ್ನ ಜಾಗಾ ಅಂತ ಅನಸವಲ್ದು. ಯಾಕ್ರಿ?”

ಅಜ್ಜನವರು ಉತ್ತರ ಕೊಡುವ ಬದಲು ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ಒಬ್ಬ ಚಿತ್ರಕಾರನಿದ್ದ. ಮನೆಗಳ ಗೋಡೆಯ ಮೇಲೆ ಹೊಲ, ಹಳ್ಳ, ಗುಡ್ಡ ಬರೆಯುವುದು ಅವನ ಕಸುಬು. ಆ ನಾಡಿನಲ್ಲಿ ಒಂದು ಪದ್ಧತಿಯಿತ್ತು. ಕುಂಚ ಮುಟ್ಟುವ ಮೊದಲು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ಗೋಡೆಗೆ ಅಡ್ಡಲಾಗಿ ಬಿಗಿಹಿಡಿದು, ನಡುವೆ ಎಳೆದು ಬಿಡಬೇಕು. ಕೆಂಪು ಗೆರೆಯೊಂದು ಬೀಳುತ್ತದೆ. ಗೆರೆಯ ಕೆಳಗೆ ನೆಲ, ಮೇಲೆ ಆಕಾಶ. ದಾರದ ಒಂದು ತುದಿ ಚಿತ್ರಕಾರನ ಕೈಯಲ್ಲಿ, ಇನ್ನೊಂದು ಮನೆಯವರ ಕೈಯಲ್ಲಿ. ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ಹೇಳುವವರು ಮನೆಯವರೇ. ಚಿತ್ರಕಾರ ಎಂಥ ಗಟ್ಟಿಗನಾದರೂ ಆಗ ತುಟಿ ಬಿಚ್ಚುವಂತಿಲ್ಲ. ಮನೆಯವರು ಆ ನೆಲದಲ್ಲಿ ಹುಟ್ಟಿದವರು, ನೆಲದ ಅಳತೆ ಅವರಿಗೇ ಗೊತ್ತು, ಅದಕ್ಕೇ ಈ ಪದ್ಧತಿ ಎಂದು ಅವನು ತಿಳಿದಿದ್ದ.

ಆ ನಾಡಿನ ಮೇಲೆ ದಂಡು ಬಿತ್ತು. ಚಿತ್ರಕಾರ ಹಡಗು ಹತ್ತಿ, ಕಡಲಾಚೆಯ ಒಂದು ಬಂದರಿನಲ್ಲಿ ಇಳಿದ. ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹಗಲು ಗೋಡೆಗಳಿಗೆ ಸುಣ್ಣ ಹೊಡೆಯುತ್ತಿದ್ದ. ಸಂಜೆ ಚೌಕಟ್ಟಿಗೆ ಬಟ್ಟೆ ಬಿಗಿದು, ಬಿಟ್ಟುಬಂದ ನೆಲವನ್ನು ಬರೆಯಲು ಕೂರುತ್ತಿದ್ದ. ದಾರವನ್ನೂ ಅದ್ದುತ್ತಿದ್ದ. ಆದರೆ ಇನ್ನೊಂದು ತುದಿಯನ್ನು ಯಾರ ಕೈಗೆ ಕೊಡುವುದು? ಇಲ್ಲಿಯವರಿಗೆ ಅಲ್ಲಿಯ ನೆಲದ ಗಂಧಗಾಳಿ ಇಲ್ಲ. ಅವನು ದಾರವನ್ನು ಸುತ್ತಿಟ್ಟು, ಗೆರೆಯಿಲ್ಲದೆಯೇ ಬರೆದ.

ಗೆರೆಯಿಲ್ಲದ ಮೇಲೆ ಹೊಲ ಎಲ್ಲಿ ನಿಲ್ಲಬೇಕು? ಗುಡ್ಡ ಯಾವುದರ ಮೇಲೆ ಕೂರಬೇಕು? ಹೊಲ ಹೋಗಿ ಮುಗಿಲಿಗೆ ಬೆರೆಯಿತು, ಗುಡ್ಡ ಕರಗಿ ಹಳ್ಳಕ್ಕೆ ಇಳಿಯಿತು. ಕೊನೆಗೆ ಉಳಿದದ್ದು ಬರೀ ಬಣ್ಣ. ಅದನ್ನು ಒಬ್ಬ ಜವಳಿ ವ್ಯಾಪಾರಿ ನೋಡಿದ. ಇಂಥದ್ದನ್ನು ಎಲ್ಲೂ ಕಂಡಿಲ್ಲವೆಂದು ಕೊಂಡುಹೋಗಿ ಅಂಗಡಿಯಲ್ಲಿ ತೂಗುಹಾಕಿದ. ಊರಿನ ಪಂಡಿತರು ಬಂದರು. ಎಲ್ಲೆಗಳನ್ನೇ ಅಳಿಸಿದ ಮಹಾನುಭಾವ ಎಂದರು. ತನಗೆ ಇಲ್ಲದ್ದು ಎಲ್ಲೆಯಲ್ಲ, ಒಂದು ಕೈ, ಎಂದು ಚಿತ್ರಕಾರನಿಗೆ ಗೊತ್ತಿತ್ತು. ಬಿಟ್ಟಿ ಹೊಗಳಿಕೆ ಯಾರಿಗೆ ಬೇಡ, ಸುಮ್ಮನಿದ್ದ.

ಹೆಸರು ಬಂತು. ನಿದ್ದೆ ಬರಲಿಲ್ಲ. ಮುಗಿಯಿತು ಎಂದು ಕೆಳಗಿಟ್ಟ ಚಿತ್ರ ಮರುದಿನ ಮುಗಿದಂತೆ ಕಾಣುತ್ತಿರಲಿಲ್ಲ. ಮತ್ತೆ ಬಳಿಯುತ್ತಿದ್ದ, ಮತ್ತೆ ಕೆರೆಯುತ್ತಿದ್ದ, ತಲೆಕೆಳಗಾಗಿ ನಿಲ್ಲಿಸಿ ನೋಡುತ್ತಿದ್ದ. ಮಾರಿದ ಚಿತ್ರವನ್ನೂ ಬಿಡಲಿಲ್ಲ. ಕೊಂಡವರ ಮನೆಗೆ ಯೋಗಕ್ಷೇಮ ಕೇಳುವ ನೆಪದಲ್ಲಿ ಹೋಗಿ, ಅವರು ಒಳಗೆ ಹೋದದ್ದೇ ತಡ, ಅಂಗಿಯ ತೋಳಿನೊಳಗಿಂದ ಕುಂಚ ತೆಗೆದು ಎರಡು ಸಲ ಬಳಿದು ಬರುತ್ತಿದ್ದ. ಅವನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಶ್ರೀಮಂತರು ಚಿತ್ರದ ಕೋಣೆಗೆ ಬೀಗ ಹಾಕುವಂತಾಯಿತು. ಕಳ್ಳನಿಗೆ ಬೀಗ ಹಾಕುವುದನ್ನು ಕೇಳಿದ್ದೇವೆ, ಬರೆದವನಿಗೇ ಹಾಕಿದ್ದು ಆ ಊರಿನಲ್ಲಿ ಮಾತ್ರ.

ಹೀಗೆ ಮೂವತ್ತು ವರ್ಷ ಕಳೆಯಿತು. ಅಷ್ಟು ವರ್ಷವೂ ಅವನು ಅದೇ ಮಹಡಿಯಲ್ಲಿದ್ದ. ಒಡತಿಯಿಂದ ಒಂದು ಚಿಟಿಕೆ ಉಪ್ಪು ಕೂಡ ಕೇಳಿರಲಿಲ್ಲ. ಒಮ್ಮೆ ಜ್ವರ ಬಂದು ಮಲಗಿದಾಗ ಅವಳು ಬಾಗಿಲಲ್ಲಿ ಗಂಜಿ ಇಟ್ಟುಹೋದಳು. ಪರದೇಶಿಗೆ ಋಣ ಒಳ್ಳೆಯದಲ್ಲ ಎಂದು ಅವನು ಬಟ್ಟಲನ್ನು ಮುಟ್ಟದೆ ಮೆಟ್ಟಿಲ ಕೆಳಗೆ ಇಟ್ಟು ಬಂದ. ಅದು ತನ್ನ ಸಭ್ಯತೆ ಎಂದೇ ಅವನ ಎಣಿಕೆ.

ಆಮೇಲೆ ಕಣ್ಣಿಗೆ ಪೊರೆ ಬಂತು. ನೀಲಿ ಯಾವುದು, ಬೂದು ಯಾವುದು ಎಂದು ತಡವರಿಸತೊಡಗಿದ. ಆಗ ಅವನಿಗೆ ನಿಜವಾಗಿ ಭಯವಾಯಿತು. ಮೂವತ್ತು ವರ್ಷ ಬರೆದೂ ಒಂದು ಚಿತ್ರ ಮುಗಿದಿಲ್ಲ. ಕಣ್ಣು ಹೋಗುವ ಮೊದಲು ಒಂದೇ ಒಂದನ್ನು ಮುಗಿಸಬೇಕು. ದಾರ ಹಿಡಿಯಲು ತನ್ನ ಸೀಮೆಯವನೊಬ್ಬ ಸಿಗಬೇಕು. ಬಂದ ಹಡಗಿಗೆಲ್ಲ ಬಂದರಿಗೆ ಓಡಿದ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ವರ್ಷವಿಡೀ ಅಲೆದ. ಕಡೆಗೊಂದು ದಿನ ಕಂಬಳಿ ಮಾರುವ ಮುದುಕನೊಬ್ಬ ಸಿಕ್ಕಿದ. ಅವನ ಊರಿನ ಪಕ್ಕದ ಊರಿನವನೇ.

ಚಿತ್ರಕಾರ ಅವನನ್ನು ಕೈಹಿಡಿದು ಮಹಡಿಗೆ ಕರೆತಂದ. ಗೋಡೆಗೆ ಒರಗಿಸಿದ ಚಿತ್ರದ ಮುಂದೆ ನಿಲ್ಲಿಸಿ, ದಾರದ ತುದಿ ಕೊಟ್ಟ. ಮುದುಕ ಅದನ್ನು ಹಿಂದಕ್ಕೆ ಕೊಟ್ಟ.

“ನಾ ಹೆಂಗ ಹಿಡೀಲೋ? ನಮ್ಮ ಕಡೆ ಇದನ್ನ ಹಿಡಿಯೋರು ಮನಿಯವರು. ಈ ಗ್ವಾಡಿ ಯಾರದು?”

“ಕೆಳಗಿರೋ ಮನಿ ಒಡತೀದು. ಆದರ ಆಕಿ ನಮ್ಮ ನೆಲಾ ನೋಡಿಲ್ಲಲ್ಲ.”

“ನೆಲಾ ನೀ ನೋಡೀಯಲ್ಲ, ಅಷ್ಟು ಸಾಕು. ಗ್ವಾಡಿ ಯಾರದೋ ಅವರನ್ನ ಕರಿ.”

ಚಿತ್ರಕಾರನಿಗೆ ಅಂದು ಮೆಟ್ಟಿಲಿಳಿಯುವುದು ಕಡಲು ದಾಟುವುದಕ್ಕಿಂತ ಕಷ್ಟವಾಯಿತು. ಅರ್ಧ ಇಳಿದು ನಿಂತ. ಮತ್ತೆ ಹತ್ತಿದ. ಮತ್ತೆ ಇಳಿದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಒಂದಿಷ್ಟು ಕೈ ಹಚ್ಚತೀರೇನವಾ?” ಎಂದ. ಒಡತಿಗೂ ವಯಸ್ಸಾಗಿತ್ತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಅವನನ್ನೇ ನೋಡಿದಳು.

“ಮೂವತ್ತು ವರ್ಷ ನನ್ನ ತಲಿ ಮ್ಯಾಲೆ ಓಡಾಡಿದಿ. ಒಂದು ದಿನಾ ಕರೀಲಿಲ್ಲ. ನಾ ಏನೋ ಕೆಟ್ಟಾಕಿ ಇರಬೇಕು ಅಂದ್ಕೊಂಡಿದ್ದೆ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವನಿಗೆ ನಾಚಿಕೆಯಾಯಿತು.

ಅವಳು ಮೇಲೆ ಬಂದು ದಾರ ಹಿಡಿದಳು. ಅವನು ಎಣಿಸಿದ್ದಕ್ಕಿಂತ ಒಂದು ಗೇಣು ಮೇಲೆ ಹಿಡಿದಳು. ಅವನು ತುಟಿ ಬಿಚ್ಚಲಿಲ್ಲ. ಮುದುಕ ದಾರವನ್ನು ಎಳೆದು ಬಿಟ್ಟ. ಗೆರೆ ಬಿತ್ತು. ಚಿತ್ರಕಾರ ಬಹಳ ಹೊತ್ತು ನೋಡಿದ. ಚಿತ್ರ ಮುಗಿದಿತ್ತು, ಕುಂಚಕ್ಕೆ ಕೈ ಹೋಗಲಿಲ್ಲ. ಆ ದಿನ ಅವನು ಕೆಳಗೆ ಇಳಿದು, ತಾನಾಗಿ ಕೇಳಿ ಉಂಡ.

ಅಜ್ಜನವರು ಕತೆ ನಿಲ್ಲಿಸಿದರು. ನಿರುಪಾದಿ ಕುಳಿತಿದ್ದ. ಯಾವಾಗ ಕುಳಿತನೋ ಅವನಿಗೇ ತಿಳಿದಿರಲಿಲ್ಲ. “ಅಜ್ಜಾರ, ಯಾರಿಗೂ ಭಾರ ಆಗಬಾರದು ಅಂತ ಬದುಕೋದು ತಪ್ಪೇನ್ರಿ?” ಎಂದು ಕೇಳಿದ.

“ತಪ್ಪಲ್ಲ ತಮ್ಮಾ, ಆದರ ಒಂಬತ್ತು ವರ್ಷದಿಂದ ನೀ ಏನೂ ಕೇಳದ ಇರೋ ಭಾರ ಹೊತ್ತವರು ನಾವು” ಎಂದರು ಅಜ್ಜನವರು.