ಅಂಕಿತ ನುಂಗಿದ ಪ್ರಬಂಧ

ಕೊಪ್ಪಳದ ಕಡೆಯ ಶಿವಗಂಗಾಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಕುಡಿಯುವ ನೀರಿನ ಬಗ್ಗೆ ಓದಲು ಸೀಟು ಸಿಕ್ಕಿತು. ಸಿಕ್ಕಿತು ಅಂದರೆ ಪೂರ್ತಿ ಸಿಕ್ಕಿರಲಿಲ್ಲ. ಮೊದಲು ಹತ್ತು ವಾರ ಅಲ್ಲೇ ಇದ್ದು, ಮೇಲಿನ ಓದಿಗೆ ಬೇಕಾದ ಇಂಗ್ಲಿಷ್ ಕಲಿಯಬೇಕು. ಕೊನೆಗೆ ನೀರಿನ ಬಗ್ಗೆಯೇ ಒಂದು ಪ್ರಬಂಧ ಬರೆಯಬೇಕು. ಪ್ರಬಂಧ ಪಾಸಾದರೆ ಸೀಟು ಅವಳದು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ ವಾಪಸು.

ಇಂಗ್ಲಿಷ್ ಅಂದರೆ ಅವಳಿಗೆ ಭಯವೇನೂ ಇರಲಿಲ್ಲ. ಶಾಲೆಯಲ್ಲಿ ಪುಸ್ತಕದ ಉತ್ತರವನ್ನು ಒಂದಕ್ಷರ ಆಚೀಚೆ ಆಗದಂತೆ ಬರೆದು ಭೇಷ್ ಅನ್ನಿಸಿಕೊಂಡವಳು. ಇಲ್ಲೂ ಅದನ್ನೇ ಮಾಡಿದಳು. ಗ್ರಂಥಾಲಯದಿಂದ ಒಂಬತ್ತು ಪುಸ್ತಕ ತಂದಳು. ದೊಡ್ಡ ದೊಡ್ಡವರು ಬರೆದ ಒಳ್ಳೊಳ್ಳೆಯ ವಾಕ್ಯಗಳನ್ನು ಆರಿಸಿ, ಒಂದರ ಪಕ್ಕ ಒಂದು ಕೂರಿಸಿದಳು. ಅಂಥವರ ಮಾತನ್ನು ತಿದ್ದಲು ತಾನ್ಯಾರು ಎಂಬ ವಿನಯ ಬೇರೆ. ಬರೆದು ಮುಗಿಸಿ ಓದಿದಾಗ ಅವಳಿಗೇ ಹೆಮ್ಮೆಯಾಯಿತು. ಆಗದೆ ಇರುತ್ತದೆಯೇ? ಒಂಬತ್ತು ಪಂಡಿತರು ಸೇರಿ ಬರೆದದ್ದಲ್ಲವೇ!

ಪಾಠ ಹೇಳುತ್ತಿದ್ದ ಡೋರೀನ್ ಮೇಡಂ ಪ್ರಬಂಧ ಓದಿ ಅವಳನ್ನು ಕರೆದರು.

“ಬಹಳ ಚೆನ್ನಾಗಿದೆ. ಯಾರು ಬರೆದದ್ದು?”

“ನಾನೇ, ಮೇಡಂ.”

“ಇಲ್ಲಮ್ಮ. ಇದರಲ್ಲಿ ನೀನು ಎಲ್ಲೂ ಇಲ್ಲ. ಈ ಮಾತು ಆಡಿದವರ ಹೆಸರೂ ಇಲ್ಲ. ಇದನ್ನು ನಮ್ಮಲ್ಲಿ ಕಳವು ಅನ್ನುತ್ತಾರೆ. ಶುಕ್ರವಾರದೊಳಗೆ ಇನ್ನೊಂದು ಸಲ ಬರೆದು ತಾ. ಅದೇ ಕೊನೆಯ ಅವಕಾಶ.”

ಕಳವು! ಶಿವಗಂಗಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಳುತ್ತಾ ಹಾಸ್ಟೆಲಿಗೆ ಬಂದಳು. ಪಕ್ಕದ ಕೋಣೆಯ ಹುಡುಗಿ ಸಮಾಧಾನ ಹೇಳಿ, ಜೊತೆಗೊಂದು ಉಪಾಯವನ್ನೂ ಹೇಳಿದಳು. ಒಂದು ಆ್ಯಪ್ ಇದೆ. ಪ್ರಬಂಧ ಹಾಕಿದರೆ ಪದಗಳನ್ನೆಲ್ಲ ಅದಲುಬದಲು ಮಾಡಿ ಕೊಡುತ್ತದೆ. ಯಾವ ಮೇಡಂಗೂ ಪತ್ತೆಯಾಗುವುದಿಲ್ಲ. ಶಿವಗಂಗಾ ಹಾಕಿದಳು. ಎರಡೇ ನಿಮಿಷದಲ್ಲಿ ಹೊಸ ಪ್ರಬಂಧ ತಯಾರು. ಕಳಿಸುವ ಮುಂಚೆ ಒಮ್ಮೆ ಮನೆಯವರ ಮುಖ ನೋಡೋಣವೆಂದು ವಿಡಿಯೊ ಕಾಲ್ ಮಾಡಿದಳು.

ಅಲ್ಲಿ ಮಧ್ಯಾಹ್ನವಾದರೆ ಊರಲ್ಲಿ ಸೋಮವಾರದ ಸಂಜೆ. ಮನೆಯಲ್ಲಿ ಹೆಂಗಸರ ಭಜನೆ ನಡೆದಿತ್ತು. ಮಂಡಳಿಗೆ ಅವಳ ಅಜ್ಜಿ ಗಿರಿಜವ್ವನೇ ಮುಖ್ಯಸ್ಥೆ.

“ತಡಿ ಬೇ, ಈ ಪದ ಮುಗೀಲಿ,” ಎಂದು ಅಜ್ಜಿ ಫೋನನ್ನು ಹಾರ್ಮೋನಿಯಂಗೆ ಆನಿಸಿ ಇಟ್ಟಳು.

ಹಾಡುತ್ತಿದ್ದಾಕೆ ನೆರೆಮನೆಯ ಪಾರ್ವತೆವ್ವ. ಟಿ.ವಿ. ಧಾರಾವಾಹಿಯ ಹೊತ್ತಾಗಿತ್ತೋ ಏನೋ, ಕೊನೆಯ ನುಡಿ ಬಿಟ್ಟು ನೇರ ಮಂಗಳಾರತಿಗೆ ಹಾರಿದಳು. ಅಜ್ಜಿ ತಾಳ ನಿಲ್ಲಿಸಿಬಿಟ್ಟಳು.

“ಯವ್ವಾ ಪಾರ್ವತಿ, ಅಂಕಿತ ಎಲ್ಲಿ ನುಂಗಿದಿ?”

ಇಂಥ ಹಾಡುಗಳ ಕೊನೆಯ ನುಡಿಯಲ್ಲಿ ಅವನ್ನು ಕಟ್ಟಿದವರ ಗುರುತು ಇರುತ್ತದೆ. ಅದೇ ಅಂಕಿತ. ಅದನ್ನು ಬಿಟ್ಟು ಹಾಡಿದವರಿಗೆ ಗಿರಿಜವ್ವನ ಮಂಡಳಿಯಲ್ಲಿ ಚಹಾ ಸಿಗುತ್ತಿರಲಿಲ್ಲ.

“ಹೊತ್ತಾತಲ್ಲ ದೊಡ್ಡವ್ವ. ಪದ ಅಂತೂ ಹಾಡಿದ್ನಲ್ಲ?”

“ಹಾಡಿದಾಕಿ ನೀನು. ಕಟ್ಟಿದಾಕಿ ನೀನಲ್ಲ. ನಡುವ ಒಂದು ನುಡಿ ಮರೆತ್ರ ನಡೀತೈತಿ, ಕಟ್ಟಿದವರನ್ನ ಮರೆತ್ರ ನಡಿಯಂಗಿಲ್ಲ. ಕುಂದ್ರು, ತಿರಗಿ ಹಾಡು.”

ಫೋನಿನ ಈಚೆ ಶಿವಗಂಗಾ ಪೆಚ್ಚಾದಳು. ಏಳನೇ ವಯಸ್ಸಿನಿಂದ ಆ ಮಂಡಳಿಯಲ್ಲಿ ಹಾಡಿದವಳು, ಒಂದು ದಿನವೂ ಅಂಕಿತ ಬಿಟ್ಟವಳಲ್ಲ. ಇಲ್ಲಿ ಬಂದು ಒಂಬತ್ತು ಜನರನ್ನು ಒಟ್ಟಿಗೆ ನುಂಗಿ ನೀರು ಕುಡಿದಿದ್ದಳು! ಪದ ಮುಗಿದ ಮೇಲೆ ಅಜ್ಜಿಗೆ ಎಲ್ಲವನ್ನೂ ಹೇಳಿದಳು. ಆ್ಯಪಿನ ವಿಷಯವನ್ನೂ ಮುಚ್ಚಿಡಲಿಲ್ಲ.

“ಆ ಮಷಿನ್ ಏನು ಮಾಡ್ತೈತಿ?” ಅಜ್ಜಿ ಕೇಳಿದಳು.

“ಮಾತು ಅವರದ, ಆಯಿ. ಗುರುತು ಸಿಗದಂಗ ಮಾಡ್ತೈತಿ.”

“ಅಂದ್ರ ಕದ್ದ ಎಮ್ಮಿಗೆ ಬಣ್ಣ ಬಳದಂಗಾತು!” ಅಜ್ಜಿ ನಕ್ಕಳು. ಮಂಡಳಿಯೆಲ್ಲ ನಕ್ಕಿತು. “ಅವರವರದು ಅವರವರಿಗೆ ಕೊಟ್ಟುಬಿಡು, ಮಗಳ. ಆಮ್ಯಾಲೆ ನಿಂದೇನು ಉಳೀತೈತಿ ನೋಡು.”

ಶಿವಗಂಗಾ ಆ್ಯಪಿನ ಪ್ರಬಂಧವನ್ನು ಅಳಿಸಿಹಾಕಿದಳು. ಒಂಬತ್ತು ಪುಸ್ತಕ ಮತ್ತೆ ಬಿಚ್ಚಿ, ಯಾವ ಮಾತು ಯಾರದೋ ಅವರ ಹೆಸರನ್ನು ಅಲ್ಲಲ್ಲೇ ಬರೆದಳು. ಮಂಗಳವಾರ ರಾತ್ರಿ ಕೊಟ್ಟು ಮುಗಿಸಿ ನೋಡಿದರೆ ತನ್ನದೆಂದು ಉಳಿದದ್ದು ಎರಡೇ ಪದ: ‘ಆದ್ದರಿಂದ’ ಮತ್ತು ‘ಕೊನೆಯದಾಗಿ’. ಮೊದಲು ನಗು ಬಂತು. ಆಮೇಲೆ ಶುಕ್ರವಾರಕ್ಕೆ ದಿನ ಎಣಿಸಿದಳು. ಇನ್ನು ಮೂರೇ ದಿನ.

ಪುಸ್ತಕ ಮುಚ್ಚಿಟ್ಟು ಯೋಚಿಸತೊಡಗಿದಳು. ಒಬ್ಬ ಪಂಡಿತರು, ಜನ ತಿಳಿವಳಿಕೆ ಇಲ್ಲದೆ ನೀರನ್ನು ದಿನಗಟ್ಟಲೆ ತುಂಬಿಡುತ್ತಾರೆ ಎಂದಿದ್ದರು. ಊರಲ್ಲಿ ಕೊಡ ಕೊಡ ತುಂಬಿಡುವ ನಮ್ಮವ್ವನಿಗೆ ತಿಳಿವಳಿಕೆ ಇಲ್ಲವೇ? ಶಿವಗಂಗಾಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ, ಹೆಸರಿನ ಸಮೇತ ಪಂಡಿತರ ಮಾತನ್ನು ಬರೆದು, ಕೆಳಗೆ ತನ್ನದೊಂದು ವಾಕ್ಯ ಬರೆದಳು: ‘ಜನ ನೀರು ತುಂಬಿಡುವುದು ತಿಳಿಯದೆ ಅಲ್ಲ, ನಲ್ಲಿಯಲ್ಲಿ ಮತ್ತೆ ಯಾವತ್ತು ನೀರು ಬರುತ್ತದೆಂದು ಅವರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ.’ ಅವಳ ಇಂಗ್ಲಿಷಿನಲ್ಲಿ ಅದು ಸ್ವಲ್ಪ ಕುಂಟುತ್ತಿತ್ತು. ಆದರೂ ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಗುರುವಾರದ ಹೊತ್ತಿಗೆ ಎರಡು ಪುಟ ತುಂಬಿತು.

ಶುಕ್ರವಾರ ಡೋರೀನ್ ಮೇಡಂ ಅವಳನ್ನು ಎದುರಿಗೆ ಕೂರಿಸಿಕೊಂಡೇ ಓದಿದರು. ಪೆನ್ಸಿಲು ಒಂದೊಂದು ಹೆಸರನ್ನೂ ಮುಟ್ಟಿಕೊಂಡು ಇಳಿಯಿತು. ನಲ್ಲಿಯ ಮಾತು ಬಂದಲ್ಲಿ ಥಟ್ಟನೆ ನಿಂತಿತು.

“ಇದು ಯಾರ ಮಾತು? ಇಲ್ಲಿ ಹೆಸರೇ ಇಲ್ಲವಲ್ಲ.”

ಮತ್ತೆ ಕಳವು ಅನ್ನುತ್ತಾರೇನೋ ಎಂದು ಶಿವಗಂಗಾ ಅಂಜಿದಳು. ಆದರೂ ತಲೆ ತಗ್ಗಿಸಲಿಲ್ಲ.

“ಅದು ನನ್ನದು, ಮೇಡಂ.”

ಡೋರೀನ್ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆ ವಾಕ್ಯವನ್ನು ಇನ್ನೊಮ್ಮೆ ಓದಿ, ಅದರಲ್ಲಿದ್ದ ಎರಡು ತಪ್ಪು ತಿದ್ದಿದರು. ಆಮೇಲೆ ಪ್ರಬಂಧದ ತಲೆಯ ಮೇಲೆ ‘ಪಾಸು’ ಎಂದು ಬರೆದು ಅವಳ ಕೈಗಿಟ್ಟರು.

“ಈಗ ಇದರಲ್ಲಿ ನೀನಿದ್ದೀಯ. ಇಷ್ಟು ದಿನ ನಾನು ಕಾಯುತ್ತಿದ್ದದ್ದು ಈ ಶಿವಗಂಗಾಗೇ,” ಎಂದರು.

ನೀತಿ: ಬೇರೆಯವರ ಮಾತನ್ನು ಅವರದೇ ಎಂದು ಒಪ್ಪಿಕೊಂಡವರಿಗೆ ಮಾತ್ರ, ತಮ್ಮ ಮಾತನ್ನು ‘ನನ್ನದು’ ಎಂದು ತಲೆಯೆತ್ತಿ ಹೇಳುವ ಧೈರ್ಯ ಬರುತ್ತದೆ.