ಮೊದಲ ವರ್ಷದ ತೂತು ಕಾಸು

ಹೊಳೆ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿನ ಗುರುಗಳು ಗುರುಸಿದ್ಧಮ್ಮನವರು. ಅವರ ಬಳಿಗೆ ಪರಶಿವ ಎಂಬ ಯುವಕ ಹೊಸದಾಗಿ ಶಿಷ್ಯನಾಗಿ ಬಂದಿದ್ದ.

ಒಂದು ಬೆಳಿಗ್ಗೆ ಗುರುಸಿದ್ಧಮ್ಮ ಬಟ್ಟೆ ಒಗೆಯುತ್ತಿದ್ದರು. ಪರಶಿವ ಎದೆಗೆ ಏನನ್ನೋ ಅವುಚಿಕೊಂಡು ಬಂದವನೇ ಸೊಂಟಮಟ್ಟದ ನೀರಿಗೆ ಇಳಿದ.

“ಏನಪ್ಪ ಅದು?”

“ನಾಣ್ಯದ ಆಲ್ಬಮ್, ತಾಯಿ. ನಮ್ಮ ತಾತನದು. ಹೊಳೆಗೆ ಬಿಡ್ತಾ ಇದ್ದೀನಿ.”

“ಯಾಕೆ?”

“ಧ್ಯಾನಕ್ಕೆ ಕೂತರೆ ಇದೇ ಕಣ್ಣ ಮುಂದೆ ಬರುತ್ತೆ. ಇದರ ಆಸೆ ಬಿಡದೆ ನಾನು ನಿಮ್ಮ ಶಿಷ್ಯ ಅನ್ನಿಸಿಕೊಳ್ಳೋದು ಹೇಗೆ?”

ಗುರುಸಿದ್ಧಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ಬಿಡುವುದಾದರೆ ಬಿಡು. ಅದಕ್ಕೆ ಮೊದಲು ನನಗೊಂದು ಸಲ ತೋರಿಸು. ನಾನು ನೋಡೇ ಇಲ್ಲವಲ್ಲ.”

ಪರಶಿವ ಮನಸ್ಸಿಲ್ಲದ ಮನಸ್ಸಿನಿಂದ ಮೇಲೆ ಬಂದ. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತರು. ಅವನು ಮೊದಲ ಪುಟ ತೆರೆದ. ಸಾಲುಸಾಲಾಗಿ ಪುಟ್ಟ ಕಿಸೆಗಳು. ಕಿಸೆಗೊಂದು ನಾಣ್ಯ.

“ಇದೇನು, ಚೌಕಾಕಾರ ಇದೆ?”

“ಎರಡಾಣೆ, ತಾಯಿ.”

“ಈ ಅಂಚು ಅಲೆ ಅಲೆಯಾಗಿರೋದು?”

“ಅದು ಒಂದಾಣೆ. ಇಲ್ಲಿ ನೋಡಿ, ಕಮಲದ ಇಪ್ಪತ್ತು ಪೈಸೆ! ತಾತ ಬಸ್ಸಿನ ಕಂಡಕ್ಟರ್ ಆಗಿದ್ದರು. ಚೀಲದಲ್ಲಿ ಅಂದವಾದ ನಾಣ್ಯ ಕಂಡರೆ ತಮ್ಮ ಜೇಬಿನ ಕಾಸು ಚೀಲಕ್ಕೆ ಹಾಕಿ ಅದನ್ನ ತಗೋತಿದ್ದರು. ಮನೆಗೆ ಬಂದ ಮೇಲೆ ನಾನು ಅವರ ಜೇಬು ತಡಕಬೇಕು. ಸಿಕ್ಕಿದ್ದನ್ನ ಕಿಸೆಗೆ ಹಾಕೋದು ನನ್ನ ಕೆಲಸ.”

ಪುಟ ಮಗುಚಿದಂತೆಲ್ಲ ಅವನ ಮಾತು ವೇಗವಾಯಿತು. ದನಿ ಏರಿತು. ಒದ್ದೆ ಪಂಚೆಯ ಚಳಿಯೂ ಮರೆತುಹೋಯಿತು.

ಗುರುಸಿದ್ಧಮ್ಮ ಒಂದು ಖಾಲಿ ಕಿಸೆಯ ಮೇಲೆ ಬೆರಳಿಟ್ಟರು.

“ಇದು?”

“ತೂತು ಕಾಸಿನ ಸಾಲು, ತಾಯಿ. ಎಲ್ಲ ವರ್ಷದವೂ ಇವೆ. ಅದು ಬಂದ ಮೊದಲ ವರ್ಷದ್ದು ಮಾತ್ರ ಇಲ್ಲ. ಇಡೀ ಆಲ್ಬಮ್ಮಿನಲ್ಲಿ ಖಾಲಿ ಇರೋದು ಇದೊಂದೇ. ತಾತ ಹೋಗುವ ಮುಂಚೆ ಇದನ್ನ ನನ್ನ ಕೈಗೆ ಕೊಟ್ಟು, ಈ ಕಿಸೆಯನ್ನೇ ತೋರಿಸಿದರು. ಮಾತಾಡೋಕೆ ಅವರಿಗೆ ಆಗಲಿಲ್ಲ.”

“ಇಷ್ಟು ದಿನ ನಿನ್ನ ಕಣ್ಣು ಮುಚ್ಚಿದ್ದನ್ನೇ ನೋಡಿದ್ದೆ,” ಎಂದರು ಗುರುಸಿದ್ಧಮ್ಮ. “ತೆರೆದರೆ ಹೀಗಿರುತ್ತೋ!”

ಪರಶಿವ ನಾಚಿ ತಲೆ ತಗ್ಗಿಸಿದ. ಗುರುಸಿದ್ಧಮ್ಮ ಆಗಲೇ ಎದ್ದು ನಿಂತಿದ್ದರು.

“ಏಳು, ಏಳು. ಇವತ್ತು ಆಶ್ರಮದ ಹೊಸ ಗಂಟೆಯ ಎರಕ. ಊರವರು ಕೊಟ್ಟ ಹಳೇ ತಾಮ್ರ, ಕಂಚು ಎಲ್ಲ ಬುಟ್ಟಿ ತುಂಬಿದೆ. ಅದರಲ್ಲಿ ಯಾವುದೋ ಕಾಸೂ ಇತ್ತು.”

“ತಾಯಿ! ಪುಟ್ಟಾಚಾರಿ ಬೆಳಿಗ್ಗೆಯೇ ಒಲೆ ಹಚ್ಚಿದಾರೆ!”

“ಅದಕ್ಕೇ ಏಳು ಅಂದದ್ದು!”

ಒಗೆದ ಬಟ್ಟೆ ಕಲ್ಲಿನ ಮೇಲೆಯೇ ಉಳಿಯಿತು. ಗುರುಸಿದ್ಧಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು ದಾಪುಗಾಲು ಹಾಕಿದರು. ಆಲ್ಬಮ್ ಅವುಚಿಕೊಂಡು ಹಿಂದೆಯೇ ಓಡಿದ ಪರಶಿವ ಗುರು ಹೀಗೆ ಓಡುವುದನ್ನು ಕಂಡಿರಲಿಲ್ಲ.

ಆಶ್ರಮದ ಹಿತ್ತಿಲಲ್ಲಿ ತಿದಿ ಬುಸುಗುಟ್ಟುತ್ತಿತ್ತು. ಎರಕದ ಪುಟ್ಟಾಚಾರಿ ಬುಟ್ಟಿಯಿಂದ ಬೊಗಸೆ ಬೊಗಸೆ ತೆಗೆದು ಲೋಹ ಕರಗಿಸುವ ಮೂಸೆಗೆ ಹಾಕುತ್ತಿದ್ದ.

“ನಿಲ್ಲಿಸಪ್ಪ!” ಎಂದು ಗುರುಸಿದ್ಧಮ್ಮ ಕೂಗಿ, ಉಳಿದದ್ದನ್ನು ನೆಲಕ್ಕೆ ಸುರುವಿದರು. ಇಬ್ಬರೂ ಮಂಡಿಯೂರಿದರು. ಮುರಿದ ಸೌಟು, ಗೆಜ್ಜೆ, ದೀಪದ ಕಾಲು. ಗುರುಸಿದ್ಧಮ್ಮನವರ ಮೊಣಕೈವರೆಗೂ ಮಸಿ.

“ಇದೋ ಒಂದು ತೂತು ಕಾಸು!” ಎಂದು ಗುರುಸಿದ್ಧಮ್ಮ ಎತ್ತಿ ಕೊಟ್ಟರು.

ಪರಶಿವ ಅದನ್ನು ಹೆಬ್ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದ. ಇನ್ನೊಮ್ಮೆ ಒರೆಸಿ ನೋಡಿದ.

“ತಾಯಿ... ಮೊದಲ ವರ್ಷದ್ದೇ!”

ಅವನು ಕುಣಿದ. ಪುಟ್ಟಾಚಾರಿ ತಿದಿ ಒತ್ತುವುದನ್ನು ಬಿಟ್ಟು ನೋಡುತ್ತಾ ನಿಂತ.

“ನಾನು ಇದನ್ನ ಇಟ್ಟುಕೊಳ್ಳಲೇ, ತಾಯಿ?”

“ನನ್ನನ್ನೇಕೆ ಕೇಳುತ್ತೀ? ಅದು ಗಂಟೆಗೆ ಬಂದದ್ದು. ಕೊಟ್ಟವರನ್ನು ಕೇಳು.”

“ಕೊಟ್ಟವರು ಯಾರು?”

“ಹೂವಿನ ರಾಚಮ್ಮ,” ಎಂದ ಪುಟ್ಟಾಚಾರಿ. “ಕಾಸು ಕೊಟ್ಟವಳು ಅವಳೊಬ್ಬಳೇ. ಆದರೆ ಬೇಗ ಬಾರಪ್ಪ. ಲೋಹ ಕರಗಿದ ಮೇಲೆ ನಾನು ಯಾರಿಗೂ ಕಾಯೋಕಾಗಲ್ಲ.”

ಪರಶಿವ ಓಡಿದ. ಹರಿಗೋಲು ಬಂದು ನಿಲ್ಲುವ ಕಡೆ ಮುದುಕಿ ರಾಚಮ್ಮ ಹೂವು ಕಟ್ಟುತ್ತಾ ಕೂತಿದ್ದಳು. ಅವನು ಏದುಸಿರು ಬಿಡುತ್ತಲೇ ಎಲ್ಲ ಹೇಳಿದ.

ರಾಚಮ್ಮ ಕಾಸನ್ನು ಅಂಗೈಯಲ್ಲಿಟ್ಟುಕೊಂಡಳು.

“ನನ್ನ ಮಗಳ ಉಡಿದಾರದಲ್ಲಿತ್ತು ಕಣಪ್ಪ. ಅವಳು ದೊಡ್ಡವಳಾಗಿ ಗಂಡನ ಮನೆ ಸೇರಿದಳು. ದಾರ ಸವೆದುಹೋಯ್ತು, ಇದು ಉಳೀತು. ಗಂಟೆಗೆ ಸೇರಿದರೆ ದಿನಾ ನನ್ನ ಕಿವಿಗೆ ಬೀಳುತ್ತೆ ಅಂತ ಕೊಟ್ಟೆ. ನಿನ್ನ ಹತ್ತಿರ ಇದ್ದರೆ?”

ಏನಾದರೂ ದೊಡ್ಡ ಮಾತು ಹೇಳಿಬಿಡಬೇಕು ಅನ್ನಿಸಿತು ಪರಶಿವನಿಗೆ.

“ನೋಡಬಹುದು ಅಜ್ಜಿ. ಅಷ್ಟೇ.”

“ಯಾವಾಗ ಬೇಕಾದರೂ?”

“ಯಾವಾಗ ಬೇಕಾದರೂ.”

ಮುದುಕಿ ಕಾಸಿನ ತೂತಿನಲ್ಲಿ ಒಂದು ಕಣ್ಣಿಟ್ಟು ಹೊಳೆಯನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿದಳು.

“ಹಂಗಾದರೆ ಇಟ್ಟುಕೋ. ಆದರೆ ಗಂಟೆಯಲ್ಲಿ ನನ್ನ ಪಾಲು ತಪ್ಪಬಾರದು.”

“ನನ್ನ ತಾಮ್ರದ ತಂಬಿಗೆ ಇದೆ. ನಿಮ್ಮ ಹೆಸರಲ್ಲಿ ಹಾಕ್ತೀನಿ!”

“ತಂಬಿಗೆಯಾ? ನಿನಗೆ ನೀರಿಗೆ?”

“ಬೊಗಸೆ ಇದೆಯಲ್ಲ ಅಜ್ಜಿ!”

ಅವನು ಆಗಲೇ ಓಡುತ್ತಿದ್ದ. ತಂಬಿಗೆ ಮೂಸೆಗೆ ಬಿದ್ದಾಗ ಪುಟ್ಟಾಚಾರಿಯ ಕೈ ಇಕ್ಕಳದ ಮೇಲಿತ್ತು. ಇನ್ನೂ ಸ್ವಲ್ಪ ಹೊತ್ತು ತಿದಿ ಒತ್ತಿದ. ತಂಬಿಗೆ ಕೆಂಪಾಯಿತು, ಕುಸಿಯಿತು, ಕರಗಿ ಒಂದಾಯಿತು. ಕರಗಿದ ಲೋಹ ಅಚ್ಚಿಗೆ ಹೊಳೆಯುತ್ತಾ ಇಳಿಯಿತು.

ಅಷ್ಟರಲ್ಲಿ ರಾಚಮ್ಮನೂ ಕೋಲೂರಿಕೊಂಡು ಬಂದು ಸೇರಿದಳು. ಹೂವಿನ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದಳು.

ಜಗಲಿಯ ಮೇಲೆ ಆಲ್ಬಮ್ ತೆರೆದಿತ್ತು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಪರಶಿವ ಕಾಸನ್ನು ಕಿಸೆಯೊಳಕ್ಕೆ ಜಾರಿಸಿದ.

“ಕೂತಿತು!” ಎಂದಳು ರಾಚಮ್ಮ, ತಾನೇ ಕೂರಿಸಿದ ಹಾಗೆ.

“ಪೂರ್ತಿ ಆಯ್ತು, ತಾಯಿ!” ಪರಶಿವ ಅಳುತ್ತಲೂ ಇದ್ದ, ನಗುತ್ತಲೂ ಇದ್ದ. “ತಾತನ ಕೆಲಸ ಮುಗೀತು. ಇನ್ನು ಒಂದೂ ಕಿಸೆ ಖಾಲಿ ಇಲ್ಲ!”

ರಾಚಮ್ಮ ಮಗಳ ಕಾಸನ್ನು ಕಣ್ತುಂಬ ನೋಡಿದಳು. ಅದರ ಅಕ್ಕಪಕ್ಕದವನ್ನೂ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಹೂವು ಮಾರಿ ಬಂದ ಒಂದು ರೂಪಾಯಿಯ ನಾಣ್ಯವನ್ನು ಮುಂದೆ ಚಾಚಿದಳು.

“ಇದನ್ನೂ ಹಾಕಪ್ಪ. ಎಷ್ಟು ಚೆನ್ನಾಗಿ ಹೊಳೀತಿದೆ ನೋಡು.”

ಪರಶಿವ ನಕ್ಕುಬಿಟ್ಟ.

“ಅಯ್ಯೋ ಅಜ್ಜಿ, ಇದು ಈ ವರ್ಷದ್ದು. ಸಂತೆಯಲ್ಲಿ ಯಾರ ಕೈ ನೋಡಿದರೂ ಇದೇ ಇರುತ್ತೆ.”

ಗುರುಸಿದ್ಧಮ್ಮ ಆ ನಾಣ್ಯವನ್ನು ತೆಗೆದುಕೊಂಡು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ನಿಮ್ಮ ತಾತ ಶುರು ಮಾಡಿದಾಗ ಈ ಆಲ್ಬಮ್ಮಿನವೆಲ್ಲ ಯಾರ ಕೈಯಲ್ಲಿದ್ದವು?”