ಕೇತಯ್ಯನ ಒಲೆಯ ಹೊಗೆ

"ಒಲೇಲಿ ಕೆಂಡ ಅದೆ, ಬೂದಿ ಮುಚ್ಚು."

ಕೇತಯ್ಯನ ಹೆಂಡತಿ ಸಿದ್ದಾಜಮ್ಮ ಕೊನೆಗೆ ಆಡಿದ ಮಾತು ಇಷ್ಟೇ. ಅವನು ಎದ್ದು ಹೋಗಿ ಬೂದಿ ಮುಚ್ಚಿ ಬಂದ. ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಕೈ ಹಿಡಿದು ಕೂರಬೇಕಾದ ಹೊತ್ತಿನಲ್ಲಿ ಒಲೆ ಮುಂದೆ ಕೂತಿದ್ದೆನಲ್ಲ ಎಂದು ಅವನಿಗೆ ಒಲೆಯ ಮೇಲೆ ಸಿಟ್ಟು ಬಂತು. ಆಮೇಲೆ ಬೆಂಕಿಯ ಮೇಲೆಯೇ ಸಿಟ್ಟು.

ಆರು ತಿಂಗಳು ಒಲೆ ಹಚ್ಚಲಿಲ್ಲ. ಗುಡ್ಡದ ಬುಡದ ಆಶ್ರಮಕ್ಕೆ ಹೋಗಿ ಉಂಡ. ಅಲ್ಲೇ ಶಿಷ್ಯನೂ ಆದ.

ಅಲ್ಲಿನ ಅಜ್ಜಯ್ಯ ಜಪ ತಪ ಕಲಿಸುವವರಲ್ಲ. ಸಂಕ್ರಾಂತಿ ಕಳೆಯಿತೆಂದರೆ ಸುತ್ತಿನ ಹಟ್ಟಿಗಳ ಜನರನ್ನು ಕೂಡಿಸಿ ಕಾಡ್ಗಿಚ್ಚು ತಡೆಯುವುದನ್ನು ಕಲಿಸುವವರು. ಕಾಡಿನ ಅಂಚಿಗೆ ಹುಲ್ಲು ಕೆತ್ತಿ ಅಗಲವಾಗಿ ಗೆರೆ ಎಳೆಯಬೇಕು. ಇಬ್ಬನಿ ಆರುವ ಮುಂಚೆ ಆ ಗೆರೆಯೊಳಗಿನ ಕಸವನ್ನು ತಾವೇ ಸುಟ್ಟು ಬೋಳು ಮಾಡಬೇಕು. ಬೇಸಿಗೆಯಲ್ಲಿ ಬೆಂಕಿ ಎದ್ದರೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಕೇತಯ್ಯನ ಊರು ಮೇಲಟ್ಟಿ. ಅಲ್ಲಿಯವರು ಆಡುಗಳಿಗೆ ಮೇಯಲು ಹೊಸ ಚಿಗುರು ಬರಲಿ ಎಂದು ಗುಡ್ಡಕ್ಕೆ ಕಡ್ಡಿ ಗೀರುವ ಜನ. ಗುಡ್ಡದ ಆ ಮಗ್ಗುಲಿಗೆ ಗೆರೆಯೇ ಇರಲಿಲ್ಲ. ಸಿದ್ದಾಜಮ್ಮನನ್ನು ಮಣ್ಣು ಮಾಡಿದ್ದೂ ಅದೇ ಮಗ್ಗುಲಲ್ಲಿ, ಅವಳೇ ನೆಟ್ಟ ಹೊಂಗೆಯ ಬುಡದಲ್ಲಿ.

ಕೇತಯ್ಯ ಹದಿನೈದು ದಿನ ಒಬ್ಬನೇ ಗೆರೆ ಕೆತ್ತಿದ. ಇನ್ನು ಸುಡುವುದೊಂದು ಬಾಕಿ.

ಸುಡೋಕೆ ಹತ್ತು ಜನ ಬೇಕು, ನಿಮ್ಮ ಹಟ್ಟಿಯಿಂದಲೇ ಕರಕೊಂಡು ಬಾ ಎಂದರು ಅಜ್ಜಯ್ಯ. ಶಿವರಾತ್ರಿ ಗಾಳಿ ಏಳಲು ಇನ್ನು ನಾಲ್ಕೇ ದಿನವಿತ್ತು.

ಅದರ ಹಿಂದಿನ ದಿನವಷ್ಟೇ ಹೊಳೆದಂಡೆಯಲ್ಲಿ ಬೆಂಕಿ ಆರಿಸುವ ಕಲಿಕೆ ನಡೆದಿತ್ತು. ಮೇಲಟ್ಟಿಯವರೂ ತಮಾಷೆ ನೋಡಲು ಬಂದಿದ್ದರು. ಅಜ್ಜಯ್ಯ ಮರಳಿನ ಮೇಲೆ ಒಣಹುಲ್ಲು ಹರಡಿ ಹಚ್ಚಿದರು. ಒಬ್ಬೊಬ್ಬರೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಆರಿಸಬೇಕು.

ಕೇತಯ್ಯ ಹಾವಿಗೆ ಬಡಿದ ಹಾಗೆ ಬಡಿದ. ಕಿಡಿ ನಾಲ್ಕೂ ಕಡೆ ಹಾರಿತು. ಒಂದು ಕಿಡಿ ಅಜ್ಜಯ್ಯನ ಹೊದಿಕೆಯ ಮೇಲೆ ಕೂತು ತೂತು ಮಾಡಿತು.

ಆಡು ಮೇಯಿಸುವ ಪುಟ್ಟಹೊನ್ನಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಕೇತಣ್ಣ ಬೆಂಕಿ ಆರುಸ್ತಾ ಅವ್ನೋ, ಬಿತ್ತನೆ ಮಾಡ್ತಾ ಅವ್ನೋ?"

ದಂಡೆಯ ತುಂಬ ನಗು. ಅಜ್ಜಯ್ಯನೂ ನಕ್ಕರು. ಬಡೀಬೇಡ, ಒತ್ತಿ ಮುಚ್ಚು ಎಂದರು. ಅವನು ಮೂರು ಸಲ ಬಡಿದ. ಮೂರು ಸಲವೂ ಕಿಡಿ ಹಾರಿತು.

ಆ ನಗೆಪಾಟಲಾದ ಮುಖ ಹೊತ್ತುಕೊಂಡೇ ಅವನು ಮೇಲಟ್ಟಿಯ ಮನೆ ಮನೆಗೆ ಹೋದ. ಅಂಗಳದಲ್ಲಿ ನಿಂತು, ಗುಡ್ಡಕ್ಕೆ ಕಡ್ಡಿ ಗೀರಿದರೆ ಸುಮ್ಮನಿರೋದಿಲ್ಲ ಎಂದು ಬೈದ. ಹೊಗೆ ಕಂಡರೆ ಯಾರದು ಎತ್ತ ಎಂದು ಕೇಳದೆ ಸೊಪ್ಪು ಮುರಿದುಕೊಂಡು, ಕೊಡದಲ್ಲಿ ನೀರು ಹೊತ್ತು ಓಡಿಬರಬೇಕು ಎಂದ. ಒಳಗೆ ಬಾ, ಕಾಫಿ ಕುಡಿ ಎಂದರು. ಒಳಗೆ ಒಲೆ ಉರಿಯುತ್ತಿತ್ತು. ಅವನು ಹೋಗಲಿಲ್ಲ.

ಸಂಜೆ ಬರಿಗೈಯಲ್ಲಿ ಆಶ್ರಮಕ್ಕೆ ಬಂದ. ಒಬ್ಬರೂ ಒಪ್ಪಲಿಲ್ಲ ಎಂದ.

"ಎಷ್ಟು ಮನೇಲಿ ಕಾಫಿ ಕುಡಿದೆ?"

"ಯಾರ ಮನೇಲೂ ಇಲ್ಲ ಅಜ್ಜಯ್ಯ."

"ಹಂಗಾದ್ರೆ ಯಾರಿಗೆ ಹೇಳಿ ಬಂದೆ?"

ಅಜ್ಜಯ್ಯ ಹೊದಿಕೆಯ ತೂತಿನೊಳಗೆ ಬೆರಳು ತೂರಿಸಿ ಆಡಿಸುತ್ತಾ ಕೂತಿದ್ದರು.

"ನಿಮ್ಮನೇಲಿ ಸಂಜೆ ಒಲೆ ಯಾರು ಆರಿಸ್ತಿದ್ರು?"

"ಅವಳೇ."

"ಬಡಿದು ಆರಿಸ್ತಿದ್ಳಾ?"

ಕೇತಯ್ಯನಿಗೆ ನಗು ಬಂದುಬಿಟ್ಟಿತು. ಆರು ತಿಂಗಳಿಂದ ಎಲ್ಲಿತ್ತೋ ಅದು.

"ಆರಿಸ್ತಾನೇ ಇರಲಿಲ್ಲ ಅಜ್ಜಯ್ಯ. ಬೂದಿ ಎಳೆದು ಮೆಲ್ಲಗೆ ಮುಚ್ಚೋಳು, ಕೂಸಿಗೆ ಕಂಬಳಿ ಹೊದಿಸ್ದಂಗೆ. ಬೆಳಿಗ್ಗೆ ಊದಿದ್ರೆ ಕೆಂಡ ಹಂಗೇ ಇರೋದು. ಕಡ್ಡಿ ಗೀರಿದ್ದೇ ನಾನು ಕಾಣೆ."

ಆಮೇಲೆ ಅವಳ ಕೊನೆಯ ಮಾತನ್ನೂ ಹೇಳಿದ. ಯಾರಿಗೂ ಹೇಳಿರಲಿಲ್ಲ.

ಅಜ್ಜಯ್ಯ ತೂತಿನಿಂದ ಬೆರಳು ತೆಗೆದರು.

"ಮುಚ್ಚು ಅಂದ್ಳು, ಮುಚ್ಚಿದೆ. ಸರಿ. ಬೆಳಿಗ್ಗೆ ಯಾಕಪ್ಪ ಊದಲಿಲ್ಲ?"

ಕೇತಯ್ಯ ಎದ್ದು ಮನೆಗೆ ನಡೆದ.

ಮರುದಿನ ಬೆಳಗಾಗುತ್ತಲೇ ಒಲೆ ಮುಂದೆ ಕೂತ. ಬೂದಿ ಕೆದಕಿದ. ತಣ್ಣಗಿತ್ತು. ಸ್ವಲ್ಪ ಹೊತ್ತು ಅದರೊಳಗೆ ಕೈ ಇಟ್ಟುಕೊಂಡೇ ಕೂತಿದ್ದ.

ಆಮೇಲೆ ಒಂದು ಮಡಕೆಯ ಚೂರು ತಗೊಂಡು ಪುಟ್ಟಹೊನ್ನಿಯ ಮನೆಗೆ ಹೋದ. ಎರಡು ಕೆಂಡ ಕೊಡವ್ವ ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಬೆಂಕಿ ಹಚ್ಚಬೇಡಿ ಎಂದು ನಿನ್ನೆ ತಾನೇ ಕಿರುಚಿದ್ದು ನೀನಲ್ಲವಾ ಎಂದಳು. ಆದರೂ ಎರಡು ಕೆಂಡದ ಜಾಗದಲ್ಲಿ ನಾಲ್ಕು ಹಾಕಿ, ಮೇಲೆ ಬೂದಿ ಉದುರಿಸಿ ಕೊಟ್ಟಳು.

ಸೌದೆಗೆ ಆರು ತಿಂಗಳ ಥಂಡಿ ಹಿಡಿದಿತ್ತು. ಕೇತಯ್ಯ ಊದಿದ. ಕಣ್ಣಲ್ಲಿ ನೀರು ಇಳಿಯುವ ತನಕ ಊದಿದ. ಒಲೆ ಹತ್ತುವ ಮೊದಲು ಹೆಂಚಿನ ಸಂದಿಯಲ್ಲೆಲ್ಲ ದಟ್ಟ ಹೊಗೆ ಎದ್ದಿತು.

ಆ ಸೂರಿನ ಮೇಲೆ ಹೊಗೆ ಕಾಣುವುದನ್ನೇ ಮರೆತಿದ್ದ ಜನ, ಕೇತಯ್ಯನ ಮನೆಗೆ ಬೆಂಕಿ ಬಿತ್ತು ಎಂದುಕೊಂಡರು.

ಬಾಗಿಲಲ್ಲಿ ದಡಬಡ ಸದ್ದು. ತಿರುಗಿ ನೋಡಿದರೆ ಅರ್ಧ ಮೇಲಟ್ಟಿಯೇ ನಿಂತಿದೆ. ಕೈಯಲ್ಲಿ ಹಸಿ ಸೊಪ್ಪು, ಸೊಂಟದಲ್ಲಿ ಕೊಡ. ಅವನು ಹೇಳಿದ್ದರಲ್ಲಿ ಒಂದೂ ಬಿಟ್ಟಿರಲಿಲ್ಲ. ಎಲ್ಲರಿಗಿಂತ ಹಿಂದೆ ಪುಟ್ಟಹೊನ್ನಿ ಆರಾಮಾಗಿ ನಡೆದು ಬರುತ್ತಿದ್ದಳು, ಕೈಯಲ್ಲಿ ಒಂದು ಚೊಂಬು ಹಾಲು.

"ನಿಂಗೆ ಗೊತ್ತಿತ್ತು. ಹೇಳಬಾರ್ದಾ?" ಎಂದ ಕೇತಯ್ಯ.

"ಹೊಗೆ ಕಂಡ್ರೆ ಯಾರದು ಅಂತ ಕೇಳಬ್ಯಾಡಿ ಅಂದೋನು ನೀನೇಯ. ಅವ್ರೂ ಕೇಳ್ನಿಲ್ಲ, ನಾನೂ ಹೇಳ್ನಿಲ್ಲ."

ಜನ ನಕ್ಕ ರಭಸಕ್ಕೆ ಕೊಡದ ನೀರು ಚೆಲ್ಲಾಡಿತು.

ಅಷ್ಟರಲ್ಲಿ ಒಲೆಯಿಂದ ಒಂದು ಕೊಳ್ಳಿ ಜಾರಿ ಪಕ್ಕದ ತರಗೆಲೆಯ ರಾಶಿಗೆ ಬಿತ್ತು. ಭಗ್ ಎಂದು ಹತ್ತಿಕೊಂಡಿತು. ಕೇತಯ್ಯ ಯಾರದೋ ಕೈಯಿಂದ ಸೊಪ್ಪು ತಗೊಂಡ. ಎತ್ತಲಿಲ್ಲ, ಬಡಿಯಲಿಲ್ಲ. ಮೆಲ್ಲಗೆ ಮೇಲಿಟ್ಟು ಒತ್ತಿ, ಒಲೆಯ ಕಡೆಗೆ ಎಳೆದ. ಉರಿ ಆರಿತು. ಒಂದು ಕಿಡಿಯೂ ಹಾರಲಿಲ್ಲ.

"ಬಿತ್ತನೆ ನಿಲ್ಲುಸ್ದ," ಎಂದಳು ಪುಟ್ಟಹೊನ್ನಿ.

ಕೇತಯ್ಯ ಎಲ್ಲರನ್ನೂ ಒಳಗೆ ಕರೆದ. ಬೆಲ್ಲದ ಕಾಫಿ ಕಾಸಿದ. ಲೋಟ ಸಾಲದೆ ಒಂದೊಂದರಲ್ಲಿ ಇಬ್ಬಿಬ್ಬರು ಕುಡಿದರು. ಗುಡ್ಡದ ಮಾತು ಅವನು ತೆಗೆಯಲಿಲ್ಲ. ಗೆರೆ ಯಾವತ್ತು ಸುಡೋದು ಎಂದು ಅವರೇ ಕೇಳಿದರು. ನಾಳೆ ಬೆಳಿಗ್ಗೆ ಎಂದ. ಹದಿಮೂರು ಜನ ಬರುತ್ತೇವೆ ಎಂದರು.

ಬಾಗಿಲಿಗೆ ನೆರಳು ಬಿತ್ತು. ಗುಡ್ಡದ ಬುಡದಿಂದ ಹೊಗೆ ನೋಡಿಕೊಂಡು ಅಜ್ಜಯ್ಯ ಹತ್ತಿ ಬಂದಿದ್ದರು. ತೂತು ಬಿದ್ದ ಹೊದಿಕೆಯನ್ನು ಮಡಿಸಿ ಹಾಸಿ ಒಲೆಯ ಪಕ್ಕದಲ್ಲೇ ಕೂತರು. ಕೇತಯ್ಯ ಕಾಫಿ ಕೊಟ್ಟ. ನಿಧಾನಕ್ಕೆ ಕುಡಿದು ಮುಗಿಸಿದರು.

ನಾಳೆ ಗೆರೆ ಹಚ್ಚೋಕೆ ದೊಂದಿ ಯಾರು ಹಿಡಿಯೋದು ಅಜ್ಜಯ್ಯ ಎಂದು ಕೇತಯ್ಯ ಕೇಳಿದ.

ಅಜ್ಜಯ್ಯ ಲೋಟ ಕೆಳಗಿಟ್ಟರು.

"ಸಂಜೆ ಬೂದಿ ಮುಚ್ಚಿಡು. ನಾಳೆ ಗೆರೆಗೆ ಕೆಂಡ ಈ ಒಲೆಯಿಂದಲೇ ಹೋಗ್ಲಿ."